ಪಟ್ಟಿ ಇಲ್ಲದ ವರ್ಷದ ತೆನೆ

ನನಗೆ ಪಟ್ಟಿಗಳೆಂದರೆ ಆಗದು. ಹಾಗೆ ಹೇಳುವ ನಾನು ಹೊಟ್ಟೆ ಹೊರೆಯುವುದು ಪಟ್ಟಿಗಳಿಂದಲೇ. ಕತಾರಿನ ಹಮದ್ ಬಂದರಿನಲ್ಲಿ ಇಳಿಯುವ ಕಂಟೇನರುಗಳಲ್ಲಿ ಏನಿದೆ, ಎಷ್ಟಿದೆ, ಯಾರಿಗೆ ಸೇರಬೇಕು ಎಂದು ಬರೆದು, ಸಹಿ ಹಾಕಿಸಿ, ಮುದ್ರೆ ಒತ್ತಿಸಿ ಹೊರಗೆ ಬಿಡಿಸುವುದು ನನ್ನ ಕೆಲಸ. ಪೆಟ್ಟಿಗೆಗಳ ಪಟ್ಟಿಗೆ ನನ್ನ ತಕರಾರಿಲ್ಲ. ಮನುಷ್ಯರ ಹೆಸರು ಬರೆದು, ಮುಂದೆ ಗುರುತು ಹಾಕಿ, ಬಂದವನು ಒಳ್ಳೆಯವನು, ಬಾರದವನು ಕೆಟ್ಟವನು ಎನ್ನತೊಡಗಿದರೆ ಮಾತ್ರ ನನ್ನ ಮೈ ಉರಿಯುತ್ತದೆ.

ಈ ಉರಿ ಹುಟ್ಟಿದ್ದು ಊರಿನಲ್ಲಿ. ಉಡುಪಿಯ ಕಡೆ ನನ್ನ ತಂದೆ ಒಂದು ಸಣ್ಣ ಬೇಕರಿ ನಡೆಸುತ್ತಿದ್ದರು. ಬ್ರೆಡ್ಡಿನ ವಾಸನೆಗಿಂತ ಹೆಚ್ಚಾಗಿ ನನ್ನ ನೆನಪಿನಲ್ಲಿರುವುದು ಅರ್ಜಿಗಳು. ಒಲೆಗೊಂದು ಅರ್ಜಿ, ಬೋರ್ಡಿಗೊಂದು ಅರ್ಜಿ, ಸಕ್ಕರೆ ದಾಸ್ತಾನಿಗೊಂದು ಅರ್ಜಿ. ಊರು ಏಳುವ ಮೊದಲೇ ಎದ್ದು ಹಿಟ್ಟು ನಾದುತ್ತಿದ್ದ ಮನುಷ್ಯ, ಹತ್ತು ಗಂಟೆಗೆ ಕಂಕುಳಲ್ಲಿ ಫೈಲು ಇಟ್ಟುಕೊಂಡು ಯಾವನೋ ಗುಮಾಸ್ತನ ಮೇಜಿನ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದರು. ಗುಮಾಸ್ತ ತಲೆ ಎತ್ತುತ್ತಿರಲಿಲ್ಲ. ಆ ತಲೆ ಎತ್ತದ ಗುಮಾಸ್ತನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಕ್ಷಮಿಸಬೇಕು ಎಂದು ಪಾಪನಿವೇದನೆಯಲ್ಲಿ ಪಾದ್ರಿಗಳು ಎರಡು ಸಲ ಹೇಳಿದ್ದಾರೆ.

ಕಾಲೇಜಿನಲ್ಲಿ ನನ್ನ ಈ ಸಿಟ್ಟಿಗೆ ಒಂದು ಹೆಸರಿದೆ ಎಂದು ಗೊತ್ತಾಯಿತು: ಲಿಬರ್ಟೇರಿಯನ್. ಯಾರ ಮೇಲೂ ಕೈ ಮಾಡದ, ಯಾರಿಗೂ ಮೋಸ ಮಾಡದ ಮನುಷ್ಯನನ್ನು ಅವನ ಪಾಡಿಗೆ ಬಿಡಬೇಕು. ಸರಕಾರದ ಕೈ ಗಿಡ್ಡವಾದಷ್ಟೂ ಒಳ್ಳೆಯದು. ಒಳ್ಳೆಯ ಕೆಲಸವನ್ನೂ ಬಲವಂತದಿಂದ ಮಾಡಿಸಬಾರದು. ಇಷ್ಟೇ ಅದರ ಸಾರ. ನನಗೆ ಅದು ಅಳತೆ ಕೊಟ್ಟು ಹೊಲಿಸಿದ ಅಂಗಿಯ ಹಾಗೆ ಹೊಂದಿಕೊಂಡಿತು. ದೋಹಾಕ್ಕೆ ಬಂದ ಮೇಲೂ ನಮ್ಮೂರಿನ ತೆರಿಗೆ, ನಮ್ಮೂರಿನ ಸಬ್ಸಿಡಿ ಎಂದು ಕಚೇರಿಯ ಚಹಾ ಹೊತ್ತಿನಲ್ಲಿ ವಾದಿಸಿ ವಾದಿಸಿ, ನನಗೆ 'ಲಿಬರ್ಟಿ' ಎಂಬ ಅಡ್ಡಹೆಸರೇ ಬಿತ್ತು.

ಇದೇ ನಾನು ಪ್ರತಿ ಶುಕ್ರವಾರ ಬಲಿಪೂಜೆ ತಪ್ಪಿಸದವನು. ಕತಾರಿನಲ್ಲಿ ರಜೆ ಶುಕ್ರವಾರ, ಆದ್ದರಿಂದ ನಮ್ಮ ಭಾನುವಾರವೂ ಶುಕ್ರವಾರವೇ. ಊರ ಹೊರಗಿನ ಚರ್ಚು ಆವರಣಕ್ಕೆ ಕಾರು ಓಡಿಸುವಾಗ ಒಂದು ಮುಳ್ಳು ಮಾತ್ರ ಯಾವಾಗಲೂ ಚುಚ್ಚುತ್ತಿತ್ತು. ಒಮ್ಮೆ ಪೂಜೆ ಮುಗಿದ ಮೇಲೆ, ಅಂಗಳದಲ್ಲಿ ನನ್ನ ಭಾಷಣವನ್ನು ತಾಳ್ಮೆಯಿಂದ ಕೇಳಿಸಿಕೊಂಡ ಪಾದ್ರಿಗಳು ನಗುತ್ತ ಕೇಳಿದ್ದರು: "ಎಲ್ಲ ಸರಿ ಉಂಟು ಮಾರಾಯ. ನಿನ್ನ ಈ ಸಿದ್ಧಾಂತದಲ್ಲಿ ನೆರೆಯವ ಎಲ್ಲಿದ್ದಾನೆ?"

ನಾನು ಏನೋ ಉತ್ತರ ಕೊಟ್ಟೆ. ಆದರೆ ಪ್ರಸಾದಕ್ಕೆ ಸಾಲಿನಲ್ಲಿ ನಿಂತಾಗಲೆಲ್ಲ ಆ ಪ್ರಶ್ನೆ ಎದೆಯ ಮೇಲೆ ಕೂರುತ್ತಿತ್ತು. ನಾನು ಬರೀ ಸ್ವಾರ್ಥಿಯೋ? ಸ್ವಾರ್ಥಕ್ಕೆ ದೊಡ್ಡ ಹೆಸರಿಟ್ಟುಕೊಂಡು ತಿರುಗುತ್ತಿದ್ದೇನೋ? ಇದಕ್ಕೆ ಉತ್ತರ ಸಿಕ್ಕಿದ್ದು ಪುಸ್ತಕದಲ್ಲಲ್ಲ, ಬಿಳಿ ಪೇಂಟ್ ಬಕೆಟ್ಟುಗಳಲ್ಲಿ.

ನಮ್ಮ ಕರಾವಳಿಯ ಕಥೋಲಿಕರಿಗೆ ಸೆಪ್ಟೆಂಬರ್ ಎಂಟು ಮೊಂತಿ ಹಬ್ಬ, ದೇವಮಾತೆಯ ಹುಟ್ಟುಹಬ್ಬ. ಅದು ತೆನೆ ಹಬ್ಬವೂ ಹೌದು. ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಮನೆಮನೆಗೂ ಕೊಡುತ್ತಾರೆ. ನಾಲ್ಕು ಕಾಳು ಸುಲಿದು ಹಾಲಿಗೆ ಹಾಕಿ, ಮನೆಯವರೆಲ್ಲ ಒಟ್ಟಿಗೆ ಕೂತು ಕುಡಿಯುತ್ತೇವೆ. ಅವತ್ತು ಮೀನು ಮಾಂಸ ಇಲ್ಲ. ದೂರದಲ್ಲಿರುವವರ ಪಾಲನ್ನೂ ತೆಗೆದಿಡುತ್ತೇವೆ. ದೋಹಾದಲ್ಲಿ ಗದ್ದೆ ಎಲ್ಲಿಂದ ಬರಬೇಕು? ಅದಕ್ಕೆ ನಮ್ಮ ಪ್ರಾರ್ಥನಾ ಗುಂಪಿನ ಹಿರಿಯರೊಬ್ಬರು ಬಹಳ ವರ್ಷಗಳ ಹಿಂದೆ ಒಂದು ಉಪಾಯ ಮಾಡಿದ್ದರು. ಖಾಲಿ ಪೇಂಟ್ ಬಕೆಟ್ಟುಗಳಲ್ಲಿ ಮಣ್ಣು ತುಂಬಿ ಭತ್ತ ಬೆಳೆಯುವುದು. ಇಪ್ಪತ್ತೊಂದು ಮನೆ, ಇಪ್ಪತ್ತೊಂದು ಬಕೆಟ್.

ಆ ಹಿರಿಯರನ್ನು ನಾವೆಲ್ಲ ಗುರ್ಕಾರ್ ಎನ್ನುತ್ತಿದ್ದೆವು. ಊರ ಚರ್ಚುಗಳಲ್ಲಿ ಹತ್ತಿಪ್ಪತ್ತು ಮನೆಗಳಿಗೊಬ್ಬ ಮುಖ್ಯಸ್ಥನಿರುತ್ತಾನಲ್ಲ, ಅವನ ಹೆಸರು ಅದು. ದೋಹಾ ಅಲ್ ಜದೀದಾದ ಒಂದು ಹಳೆಯ ವಿಲ್ಲಾದ ಮುಂದಿನ ಭಾಗದಲ್ಲಿ ಅವರ ಸಂಸಾರ. ಹಿಂದಿನ ಅಂಗಳದಲ್ಲಿ ಬಕೆಟ್ ಗದ್ದೆ. ಅವರ ಫ್ರಿಜ್ಜಿನ ಬಾಗಿಲ ಮೇಲೆ ಡ್ಯೂಟಿ ಪಟ್ಟಿ. ಮುಂಜಾನೆ ಬಕೆಟ್ಟುಗಳನ್ನು ಬಿಸಿಲಿಗೆ ಎಳೆಯಬೇಕು, ಬಿಸಿಲು ಏರುವ ಮೊದಲು ಹಸಿರು ಪರದೆಯ ನೆರಳಿಗೆ ತಳ್ಳಬೇಕು, ಎರಡು ಹೊತ್ತು ನೀರು. ಯಾವ ದಿನ ಯಾರು ಎಂದು ಗುರ್ಕಾರರು ಬರೆದಿಡುತ್ತಿದ್ದರು. ತಪ್ಪಿಸಿದರೆ ಕೆಂಪು ಗುರುತು. ಮೂರು ಕೆಂಪು ಗುರುತು ಬಿದ್ದವರಿಗೆ ಹಬ್ಬದ ದಿನ ಕೊನೆಯಲ್ಲಿ ತೆನೆ.

ಹಿಂದಿನ ವರ್ಷ ಹಾಗೆ ಕೊನೆಯಲ್ಲಿ ನಿಂತವಳು ಒಬ್ಬ ನರ್ಸ್, ಎರಡು ಮಕ್ಕಳ ತಾಯಿ. ಆಸ್ಪತ್ರೆಯಲ್ಲಿ ಜನ ಸಾಲದೆ ಡಬಲ್ ಡ್ಯೂಟಿ ಮಾಡಿ ಅವಳಿಗೆ ಅಂಗಳಕ್ಕೆ ಬರಲಾಗಿರಲಿಲ್ಲ. ಎಲ್ಲರೂ ತೆನೆ ಹಿಡಿದು ಫೋಟೋ ತೆಗೆಸಿಕೊಳ್ಳುವಾಗ ಅವಳ ಚಿಕ್ಕ ಮಗಳು ಕೇಳಿದಳು: "ಅಮ್ಮಾ, ನಾವೆಂತ ತಪ್ಪು ಮಾಡಿದ್ದು?"

ನನಗೆ ತಡೆಯಲಾಗಲಿಲ್ಲ. "ಎಂತ ಗುರ್ಕಾರ್‌ರೇ, ದೇವರ ತೆನೆಗೂ ದಂಡವಾ? ಇದೇನು ಹಬ್ಬವಾ, ಲೈಸನ್ಸ್ ಆಫೀಸಾ?" ಎಂದು ಎಲ್ಲರೆದುರೇ ಕೂಗಿದೆ.

ಗುರ್ಕಾರರ ಮುಖ ಕೆಂಪಾಯಿತು. "ಪಟ್ಟಿ ಇಲ್ಲದಿದ್ರೆ ಒಬ್ಬ ಬರುದಿಲ್ಲ. ನಿಂಗೆ ಬಾಯಿ ಉಂಟು, ನಂಗೆ ಅನುಭವ ಉಂಟು," ಎಂದರು.

"ಮನಸ್ಸಿಲ್ಲದೆ ಎರೆದ ನೀರಿಂದ ಬೆಳೆದ ತೆನೆಯನ್ನು ದೇವಮಾತೆಯ ಮುಂದೆ ಇಡ್ಲಿಕ್ಕೆ ನಾಚಿಕೆ ಆಗ್ಬೇಕು," ಎಂದೆ ನಾನು. ಅವತ್ತಿನ ಪಾಯಸ ಯಾರ ಗಂಟಲಲ್ಲೂ ಸರಿಯಾಗಿ ಇಳಿಯಲಿಲ್ಲ.

ಮರುವರ್ಷ ಮೇ ತಿಂಗಳಲ್ಲಿ ಗುರ್ಕಾರರು ನನ್ನನ್ನು ಕರೆಸಿದರು. ಭತ್ತದ ಬೀಜದ ಪೊಟ್ಟಣವನ್ನು ನನ್ನ ಅಂಗೈಯಲ್ಲಿಟ್ಟರು. ದೋಹಾದಲ್ಲಿ ಅವರ ನೌಕರಿ ಮುಗಿದಿತ್ತು. ಹಬ್ಬ ಕಳೆದ ಮರುದಿನ ಅವರು ಹೆಂಡತಿಯೊಡನೆ ಶಾಶ್ವತವಾಗಿ ಊರಿಗೆ ಹೊರಡುವವರಿದ್ದರು.

"ನಂದು ಖಲಾಸ್, ಮುಗೀತು. ಈ ಸಲ ಗದ್ದೆ ನಿಂದು," ಎಂದರು. "ಪಟ್ಟಿ ಬೇಡ ಅಂದಿಯಲ್ಲ, ಬೇಡ. ನಾನು ಒಂದು ಬಕೆಟ್ ಮುಟ್ಟುದಿಲ್ಲ, ಒಂದು ಮಾತು ಹೇಳುದಿಲ್ಲ. ಇಲ್ಲಿಂದ ಹೋಗುವಾಗ ನನ್ನ ಕೈಯಲ್ಲಿ ಈ ಅಂಗಳದ ತೆನೆ ಇರ್ಬೇಕು. ಅಷ್ಟೇ ನನ್ನ ಆಸೆ. ಆಗ್ಲಿಲ್ಲ ಅಂದ್ರೆ ನಿನ್ನ ಲಿಬರ್ಟಿ ಬರೀ ಬಾಯಿ ಮಾತು ಅಂತ ಎಲ್ಲರೆದುರು ಒಪ್ಪಿಕೊ."

"ಒಪ್ಪಿದೆ," ಎಂದೆ. ಕಾರಿನಲ್ಲಿ ಸಿಳ್ಳೆ ಹಾಕುತ್ತ ಅಲ್ ಮನ್ಸೂರಾದ ನಮ್ಮ ಫ್ಲ್ಯಾಟಿಗೆ ಬಂದೆ. ಸ್ವಾತಂತ್ರ್ಯ ಏನು ಮಾಡಬಲ್ಲದು ಎಂದು ತೋರಿಸುವ ಅವಕಾಶ ಸಿಕ್ಕಿದೆಯಲ್ಲ!

ಬೀಜ ಬಿತ್ತಿ, ವಾಟ್ಸಾಪ್ ಗುಂಪಿಗೆ ಬಹಳ ಯೋಚಿಸಿ ಒಂದು ಸಂದೇಶ ಹಾಕಿದೆ. "ಪ್ರಿಯರೇ, ಈ ವರ್ಷ ಡ್ಯೂಟಿ ಪಟ್ಟಿ ಇಲ್ಲ. ಮನಸ್ಸಿದ್ದವರು ಬಂದು ಬಕೆಟ್ಟುಗಳಿಗೆ ನೀರು ಹಾಕಬಹುದು. ಬಾರದವರ ಮೇಲೆ ಯಾವ ಬೇಸರವೂ ಇಲ್ಲ. ಒತ್ತಾಯವಿಲ್ಲ." ಹದಿನೇಳು ಹೆಬ್ಬೆರಳು ಬಂದವು. ಎರಡು ಕೈಮುಗಿದ ಚಿತ್ರಗಳೂ ಬಂದವು. ನಾನು ಹೆಂಡತಿಗೆ ಫೋನು ತೋರಿಸಿ, "ನೋಡು, ಜನ ಕಾಯ್ತಾ ಇದ್ರು," ಎಂದೆ.

ಮರುದಿನ ಒಬ್ಬರೂ ಬರಲಿಲ್ಲ. ಆ ವಾರ ಒಬ್ಬರೂ ಬರಲಿಲ್ಲ. ಜೂನ್ ಇಡೀ ಕಳೆಯಿತು, ಒಬ್ಬರೂ ಬರಲಿಲ್ಲ.

ನಾನೊಬ್ಬನೇ ಮುಂಜಾನೆ ಹೋಗಿ ಇಪ್ಪತ್ತೊಂದು ಬಕೆಟ್ ಎಳೆದು, ನೀರು ಹಾಕಿ, ಬೆನ್ನು ಹಿಡಿದುಕೊಂಡು ಬಂದರಿಗೆ ಓಡುತ್ತಿದ್ದೆ. ಅವುಗಳನ್ನು ನೆರಳಿಗೆ ತಳ್ಳುವ ಹೊತ್ತಿಗೆ ನಾನು ಕಸ್ಟಮ್ಸ್ ಕಾಗದಗಳ ನಡುವೆ ಸಿಕ್ಕಿಬಿದ್ದಿರುತ್ತಿದ್ದೆ. ಸಂಜೆ ಬಂದು ನೋಡಿದರೆ ಎಳೆಯ ಪೈರು ಒಣ ಹುಲ್ಲಾಗಿರುತ್ತಿತ್ತು. ಜೂನ್ ಮುಗಿಯುವಾಗ ಏಳು ಬಕೆಟ್ಟುಗಳು ಸತ್ತಿದ್ದವು. ಗುರ್ಕಾರರು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದರು. ಮಾತು ಕೊಟ್ಟಂತೆ ಒಂದು ಶಬ್ದ ಆಡಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಒಂದು ಸಂಜೆ ಸೋತು ಮನೆಗೆ ಬಂದು ಮಗಳ ಮೇಲೆ ಹಾರಿದೆ. ಅವಳು ಹತ್ತನೆಯ ತರಗತಿ. "ನಾಳೆಯಿಂದ ನೀನು ನನ್ನ ಜೊತೆ ಬರ್ಬೇಕು. ನಾನು ಹೇಳಿದ್ದು, ಅಷ್ಟೇ."

ಮಗಳು ಹೆಡ್‌ಫೋನ್ ತೆಗೆದು ತಣ್ಣಗೆ ಹೇಳಿದಳು: "ಪಪ್ಪಾ, ಯಾರನ್ನೂ ಫೋರ್ಸ್ ಮಾಡ್ಬಾರ್ದು ಅಂತ ನೀವೇ ಅಲ್ವಾ ಡೈಲಿ ಹೇಳೋದು?"

ಹೆಂಡತಿ ಅಡುಗೆಮನೆಯಿಂದ ಬಿದ್ದು ಬಿದ್ದು ನಕ್ಕಳು. ನನಗೆ ಅಳು ಬರುವುದೊಂದು ಬಾಕಿ. ಆಮೇಲೆ ಅವಳು ಕೈ ಒರೆಸಿಕೊಳ್ಳುತ್ತ ಬಂದು ಎದುರು ಕೂತಳು.

"ನಿಮ್ಮ ತಂಗಿಯ ಮದುವೆಗೆ ಜನ ಹೇಗೆ ಬಂದ್ರು?" ಎಂದು ಕೇಳಿದಳು.

"ಹೇಗೆ ಅಂದ್ರೆ? ನಾನೂ ಅಪ್ಪನೂ ಮನೆಮನೆಗೆ ಹೋಗಿ ಕರೆದಿದ್ವಿ. ಒಂದು ಮನೆಗೆ ಎರಡು ಸಲ ಹೋದದ್ದು. ಮೊದಲನೇ ಸಲ ಯಜಮಾನ್ರು ಇರ್ಲಿಲ್ಲ ಅಂತ."

"ಆಗ 'ಮನಸ್ಸಿದ್ರೆ ಬನ್ನಿ, ಬಾರದಿದ್ರೆ ಬೇಸರ ಇಲ್ಲ' ಅಂತ ಮೆಸೇಜ್ ಹಾಕಿದ್ರೆ ಯಾರು ಬರ್ತಿದ್ರು? ನಮ್ಮವರಿಗೆ ಹಾಗೆ ಹೇಳಿದ್ರೆ 'ಬರ್ಬೇಡಿ' ಅಂತ ಅರ್ಥ ಅಲ್ವಾ? ಗುರ್ಕಾರ್‌ರ ಪಟ್ಟಿಯಲ್ಲಿ ಕಡೇಪಕ್ಷ ಹೆಸರಾದ್ರೂ ಇತ್ತು ಮಾರಾಯ್ರೆ. ನಿಮ್ಮ ಲಿಬರ್ಟಿಯಲ್ಲಿ ಅದೂ ಇಲ್ಲ."

ಕರೆಯುವುದು ಎಂದರೆ ನನಗೆ ಒತ್ತಡ ಹಾಕುವುದೇ ಆಗಿತ್ತು. ಎದುರು ನಿಂತು ಕೇಳಿದರೆ ಇಲ್ಲ ಎನ್ನಲು ಸಂಕೋಚ, ಆ ಸಂಕೋಚವೂ ಒಂದು ಬಲವಂತ, ಆದ್ದರಿಂದ ಕೇಳಲೇಬಾರದು. ಇದು ನನ್ನ ತರ್ಕ. ನೇರವಾಗಿ ಹೇಳಬೇಕೆಂದರೆ ಅದರ ಕೆಳಗೆ ಇನ್ನೊಂದಿತ್ತು: ಯಾರ ಬಾಗಿಲಲ್ಲೂ ನಿಲ್ಲಲು ನನಗೆ ಇಷ್ಟವಿಲ್ಲ. ಅಪ್ಪ ನಿಂತದ್ದು ಸಾಕು ಎಂದುಕೊಂಡಿದ್ದೆ.

ಊಟಕ್ಕೆ ಮೊದಲು ನಮ್ಮ ಮನೆಯಲ್ಲಿ ಜಪಸರ. ಅಂದೂ ಮೂವರೂ ಕೂತೆವು. ದೇವದೂತ ಕನ್ಯೆಯ ಮನೆಗೆ ಬಂದು, ದೇವರ ಮಗನಿಗೆ ತಾಯಿಯಾಗುವ ಕರೆ ತಿಳಿಸಿದ ರಹಸ್ಯವನ್ನು ಧ್ಯಾನಿಸುವ ಸರದಿ ನನ್ನದು. ಸಾವಿರ ಸಲ ಬಾಯಿಪಾಠ ಒಪ್ಪಿಸಿದ ಆ ಪ್ರಸಂಗ ಅಂದು ಹೊಸದಾಗಿ ಕೇಳಿಸಿತು. ಆಕಾಶ ಭೂಮಿಯನ್ನು ಮಾಡಿದವನಿಗೆ ಒಂದು ಹುಡುಗಿಯ ಒಪ್ಪಿಗೆ ಬೇಕಾಯಿತು. ಆತ ಅಪ್ಪಣೆ ಹೊರಡಿಸಲಿಲ್ಲ. ಪಟ್ಟಿಯಲ್ಲಿ ಹೆಸರು ಬರೆಯಲಿಲ್ಲ. ಅವಳು ಹೂಂ ಎನ್ನುವವರೆಗೆ ಕಾದ. ಇದು ನನ್ನ ಪಕ್ಷದ ಮಾತು ಎಂದು ನಾನು ಮೊದಲೇ ಎಷ್ಟೋ ಸಲ ಹೆಮ್ಮೆಪಟ್ಟಿದ್ದೆ. ಆದರೆ ಇನ್ನರ್ಧ ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಆತ ಸುಮ್ಮನೆ ಕೂತು, ಮನಸ್ಸಿದ್ದವರು ಬರಬಹುದು ಎಂದು ಸಾರಲೂ ಇಲ್ಲ. ಅವಳ ಮನೆಗೆ, ಅವಳ ಬಾಗಿಲಿಗೆ, ಅವಳ ಹೆಸರು ಹಿಡಿದು ಆಳು ಕಳಿಸಿದ.

ಒತ್ತಾಯ ಮಾಡಬಾರದು ಎನ್ನುವುದು ಅರ್ಧ ಮಾತು. ಹೋಗಿ ಕರೆಯಬೇಕು ಎನ್ನುವುದು ಇನ್ನರ್ಧ. ನನ್ನ ಸಿದ್ಧಾಂತದಲ್ಲಿ ಪಾದ್ರಿಗಳಿಗೆ ಕಾಣದಿದ್ದ ನೆರೆಯವ ಆ ಅರ್ಧದಲ್ಲಿದ್ದ. ಇದೇ ಯೋಚನೆಯಲ್ಲಿ ಜಪದ ಲೆಕ್ಕ ತಪ್ಪಿ ಹೋಯಿತು. ಮಗಳು ಮೊಣಕೈಯಿಂದ ತಿವಿದು ಎಷ್ಟನೆಯದು ಎಂದು ನೆನಪಿಸಿದಳು.

ಮೊದಲು ಹೋದದ್ದು ನರ್ಸಿನ ಮನೆಗೆ. ಅವಳು ಬಾಗಿಲು ತೆರೆದು ಗಾಬರಿಯಾದಳು. ನಾನು ಬಾಗಿಲಲ್ಲೇ ಹೇಳಿದೆ: "ನಿಮ್ಮನ್ನು ಕರೀಲಿಕ್ಕೆ ಬಂದದ್ದು. ಗದ್ದೆಗೆ ನೀವು ಬೇಕು. ಆಗುದಿಲ್ಲ ಅಂದ್ರೂ ತೆನೆ ನಿಮ್ಮ ಮನೆಗೆ ಬರ್ತದೆ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ."

ಅವಳ ಕಣ್ಣು ತುಂಬಿತು. "ಹೋದ ವರ್ಷ ಹಾಗಾಯ್ತಲ್ಲ, ನಾವು ಬಾರದಿರುದೇ ಒಳ್ಳೇದು ಅಂತ ನೀವೆಲ್ಲ ಅಂದ್ಕೊಂಡಿರ್ಬೇಕು ಅಂತ ನಾನು ಎಣಿಸಿದ್ದೆ," ಎಂದಳು. "ನೈಟ್ ಡ್ಯೂಟಿ ಮುಗಿಸಿ ಬರುವಾಗ ಆ ಅಂಗಳದ ದಾರಿಯೇ. ನೆರಳಿಗೆ ತಳ್ಳಿ ಹೋಗ್ತೇನೆ, ಎಂತ ದೊಡ್ಡ ಕೆಲಸ ಅದು!"

ಒಂದು ವಾರದಲ್ಲಿ ಹತ್ತೊಂಬತ್ತು ಮನೆ ಹತ್ತಿ ಇಳಿದೆ. ಹತ್ತೊಂಬತ್ತು ಕಡೆ ಚಹಾ. ಕೆಲವರು ಬರುತ್ತೇನೆ ಎಂದರು, ಕೆಲವರು ನೋಡುವ ಎಂದರು. ಮೂರನೆಯ ಮಹಡಿಯಲ್ಲಿರುವ ಒಬ್ಬ ಅಕೌಂಟೆಂಟ್ ಮಾತ್ರ ಮುಖಕ್ಕೆ ಹೊಡೆದಂತೆ ಹೇಳಿದ: "ಮಾಫಿ ಟೈಮ್, ಪುರುಸೊತ್ತಿಲ್ಲ. ನಂಗೆ ಈ ಬಕೆಟ್ ಆಟ ಎಲ್ಲ ಬೇಡ. ಗುರ್ಕಾರ್‌ರ ಕೆಂಪು ಪೆನ್ನು ಕಂಡು ಕಂಡು ಸಾಕಾಗಿದೆ." ಒತ್ತಾಯಿಸಬೇಕು ಎಂದು ನಾಲಗೆ ತುದಿಯವರೆಗೆ ಬಂತು. ಚಹಾ ಕುಡಿದು, ಕೈಕುಲುಕಿ ಇಳಿದು ಬಂದೆ. ಅವನ 'ಇಲ್ಲ'ಕ್ಕೆ ಬೆಲೆ ಇರದಿದ್ದರೆ ಉಳಿದವರ 'ಹೂಂ'ಗೆ ಏನು ಬೆಲೆ?

ಮತ್ತೆ ನೋಡಬೇಕಿತ್ತು ನಮ್ಮ ಅಂಗಳವನ್ನು! ಉಳಿದ ಹದಿನಾಲ್ಕು ಬಕೆಟ್ಟುಗಳಿಗೆ ನೀರು ಹೆಚ್ಚಾಗಿ, ಇನ್ನು ಯಾರೂ ಹಾಕಬೇಡಿ ಎಂದು ಬೋರ್ಡು ಬರೆಯುವ ಸ್ಥಿತಿ ಬಂತು. ಒಬ್ಬ ಕಚೇರಿಯಿಂದ ದೊಡ್ಡ ಫ್ಯಾನು ತಂದ. ಒಬ್ಬಾಕೆ ಸಂಜೆಗೆ ಅಂಬಡೆ ಕರಿದು ತಂದಳು. ಒಂದು ಸಂಜೆ ಹೆಡ್‌ಫೋನ್ ಹಾಕಿಕೊಂಡು ನನ್ನ ಮಗಳೂ ಕಾರು ಹತ್ತಿದಳು. ನಾನು ಅವಳನ್ನು ಏನೂ ಕೇಳಿರಲಿಲ್ಲ. ಕೇಳಬೇಕಿತ್ತು ಎಂದು ಆಮೇಲೆ ಹೊಳೆದು, ಬರ್ತೀಯಾ ಎಂದು ದಾರಿಯಲ್ಲಿ ಕೇಳಿದೆ. "ಓಕೆ, ಈಗ ಬರ್ತೀನಿ," ಎಂದಳು, ಆಗಲೇ ಅರ್ಧ ದಾರಿ ಬಂದಾಗಿತ್ತು.

ಆಗಸ್ಟ್ ಮೊದಲ ವಾರ ಒಂದು ಬಕೆಟ್ಟಿನಲ್ಲಿ ಹೊಡೆ ಒಡೆದು ತೆನೆ ಹೊರಬಂತು. ನಾವು ಕುಣಿದದ್ದೇ ಕುಣಿದದ್ದು. ಎಂಟು ದಿನ ಕಳೆದು ಎಲ್ಲಕ್ಕಿಂತ ಮೊದಲು ಹೂಬಿಟ್ಟ ಬಕೆಟ್ಟಿನ ಒಂದು ಕಾಳನ್ನು ಉಗುರಿನಿಂದ ಒತ್ತಿ ನೋಡಿದೆ. ಟೊಳ್ಳು. ಇನ್ನೊಂದು ಒತ್ತಿದೆ. ಅದೂ ಟೊಳ್ಳು. ಇಡೀ ತೆನೆ ಜೊಳ್ಳು. ನೀರು ಇದೆ, ನೆರಳು ಇದೆ, ಕಾಳಿಗೆ ಹಾಲು ತುಂಬುತ್ತಿಲ್ಲ. ಅಂಗಳದಲ್ಲಿ ನೆರೆದ ಎಲ್ಲರೂ ಬೇಸಾಯ ಗೊತ್ತಿಲ್ಲದ ಪೇಟೆಯ ಜನ. ಉಳಿದ ಹದಿಮೂರು ಬಕೆಟ್ಟುಗಳು ಆ ವಾರವೇ ಹೂಬಿಡುವುದರಲ್ಲಿದ್ದವು, ಮಾಡುವುದು ಏನೆಂದು ಒಬ್ಬರಿಗೂ ತಿಳಿಯದು. ತಿಳಿದವರು ಒಬ್ಬರೇ. ಅವರು ಅಡುಗೆಮನೆಯ ಕಿಟಕಿಯ ಆಚೆ ಇದ್ದರು, ಮಾತು ಕೊಟ್ಟು ಬಾಯಿ ಕಟ್ಟಿಕೊಂಡಿದ್ದರು.

ಆಗ ಲೆಕ್ಕ ಹೊಳೆಯಿತು. ಇಪ್ಪತ್ತೊಂದು ಮನೆಯಲ್ಲಿ ನನ್ನದು ಒಂದು. ನಾನು ಹೋದದ್ದು ಹತ್ತೊಂಬತ್ತು ಮನೆಗೆ. ಊರಿಡೀ ಸುತ್ತಿ ಕರೆದವನು ಅಂಗಳಕ್ಕೆ ತಾಗಿದ ಬಾಗಿಲನ್ನು ತಟ್ಟಿರಲಿಲ್ಲ. ಅವರು ನನ್ನ ಎದುರಾಳಿ, ನಾನು ಗೆಲ್ಲಬೇಕಾದದ್ದು ಅವರನ್ನು, ಅವರನ್ನು ಕರೆಯುವುದು ಹೇಗೆ? ಅಪ್ಪ ಆ ಮೇಜಿನ ಮುಂದೆ ನಿಂತದ್ದು ನೆನಪಾಯಿತು. ಆದರೂ ಹೋದೆ, ಸುತ್ತಿ ಮುಂದಿನ ಬಾಗಿಲಿಗೇ ಹೋದೆ, ಮದುವೆಯ ಕರೆ ಹೇಳುವವರು ಹೋಗುವ ಹಾಗೆ.

ಗುರ್ಕಾರರೇ ಬಾಗಿಲು ತೆರೆದರು. ನಾನು ಹೇಳಿದೆ: "ಗದ್ದೆಗೆ ನಿಮ್ಮನ್ನು ಕರೀಲಿಕ್ಕೆ ಬಂದೆ. ತಡ ಆಯ್ತು. ತಪ್ಪು ನಂದು."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಇಡೀ ದೋಹಾ ತಿರುಗಿದಿ. ಈ ಬಾಗಿಲು ಕಾಣ್ಲಿಲ್ವಾ ನಿಂಗೆ?" ಎಂದರು. ದನಿ ಸಿಟ್ಟಿನದಲ್ಲ. ಎಷ್ಟು ದಿನದಿಂದ ಕಾದಿದ್ದರೋ ಏನೋ, ಚಪ್ಪಲಿ ಕೂಡ ಹಾಕದೆ ಅಂಗಳಕ್ಕೆ ನಡೆದರು.

ಒಂದು ತೆನೆ ಮುಟ್ಟಿ ನೋಡಿ, "ಹೂ ಬಿಡುದು ಬೆಳಿಗ್ಗೆ ಒಂಬತ್ತರಿಂದ ಹನ್ನೊಂದು," ಎಂದರು. "ಆ ಹೊತ್ತಿಗೆ ಇಲ್ಲಿನ ಬಿಸಿಗೆ ಹೂ ಸತ್ತು ಹೋಗ್ತದೆ. ಎರಡು ವಾರ ಆ ಹೊತ್ತಿಗೆ ಎಲ್ಲ ಒಳಗೆ ಬರ್ಬೇಕು. ನನ್ನ ಮನೆಯ ಹಾಲ್‌ಗೆ. ಪೂರ್ವದ ಕಿಟಕಿ ಉಂಟು, ಎಸಿ ಉಂಟು. ಯಲ್ಲಾ, ಬೇಗ ಬೇಗ, ಎತ್ತಿ!"

ನಾನು ಬಕೆಟ್ ಎತ್ತಿದವನು ಅಲ್ಲೇ ನಿಂತೆ. "ಇದು ಪಟ್ಟಿಯಲ್ಲಿ ಯಾವತ್ತೂ ಇರ್ಲಿಲ್ಲವಲ್ಲ? ಇಷ್ಟು ವರ್ಷ ಇದನ್ನು ಯಾರು ಮಾಡಿದ್ದು?"

ಗುರ್ಕಾರರ ಹೆಂಡತಿ ಬಾಗಿಲಿನಿಂದ ಹೇಳಿದರು: "ಮತ್ಯಾರು? ಪ್ರತಿ ಆಗಸ್ಟ್ ಅರ್ಧ ರಜೆ ಇದಕ್ಕೇ ಹಾಕುದು ಇವ್ರು. ನಿತ್ಯ ಇಪ್ಪತ್ತೊಂದು ಬಕೆಟ್ ಒಳಗೆ, ಇಪ್ಪತ್ತೊಂದು ಹೊರಗೆ. ನನ್ನ ಹಾಲ್ ಇಡೀ ಕೆಸರು."

ಆಗಸ್ಟಿನಲ್ಲಿ ರಜೆ ಹಾಕಿಯೂ ಊರಿಗೆ ಹೋಗದೆ ಕೂರುವ ಜಿಪುಣ ಎಂದು ನಾವೆಲ್ಲ ಅವರ ಬೆನ್ನ ಹಿಂದೆ ನಕ್ಕಿದ್ದೆವು. ನಾನೇ ಎಲ್ಲರಿಗಿಂತ ಜಾಸ್ತಿ ನಕ್ಕಿದ್ದೆ.

"ಇದನ್ನು ಯಾಕೆ ಪಟ್ಟಿಗೆ ಹಾಕ್ಲಿಲ್ಲ ನೀವು?" ಎಂದು ಕೇಳಿದೆ.

"ಇದಕ್ಕೆ ಪಟ್ಟಿ ಎಂತದಕ್ಕೆ? ಇದು ನಾನು ಮನಸ್ಸಿಂದ ಮಾಡ್ತಿದ್ದದ್ದು," ಎಂದುಬಿಟ್ಟರು ಗುರ್ಕಾರರು. ಹೇಳಿದ ಮೇಲೆ ಅವರಿಗೇ ಕೇಳಿಸಿತು. ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಇಬ್ಬರೂ, ತಲಾ ಒಂದು ಬಕೆಟ್ ತಬ್ಬಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಒಳಗೆ ಕೂತ ಮೇಲೆ ಅವರು ಮೆಲ್ಲಗೆ ಹೇಳಿದರು. ಮೊದಲ ವರ್ಷ ಪಟ್ಟಿ ಇರಲಿಲ್ಲವಂತೆ. ಒಬ್ಬರೂ ಬರಲಿಲ್ಲವಂತೆ. ಭತ್ತ ಎಲ್ಲ ಸತ್ತು, ಹಬ್ಬದ ದಿನ ಅವರು ಖಾಲಿ ಕೈಯಲ್ಲಿ ಚರ್ಚಿಗೆ ಹೋದರಂತೆ. "ನಾನೂ ಯಾರನ್ನೂ ಕರೆದಿರ್ಲಿಲ್ಲ. ಕರೆದು ಬಾರದಿದ್ರೆ ಅವಮಾನ ಅಲ್ವಾ? ಪಟ್ಟಿ ಆದ್ರೆ ಅವಮಾನ ಅವರಿಗೆ," ಎಂದರು. ನನಗೆ ಅವರ ಮೇಲಿದ್ದ ಸಿಟ್ಟಿನ ಕೊನೆಯ ಚೂರೂ ಅಲ್ಲಿ ಕರಗಿತು. ನಾನು ಒತ್ತಾಯಕ್ಕೆ ಹೆದರಿ ಕರೆಯದವನು, ಅವರು ಅವಮಾನಕ್ಕೆ ಹೆದರಿ ಕರೆಯದವರು. ಬಾಗಿಲಲ್ಲಿ ನಿಲ್ಲುವ ಧೈರ್ಯ ಇಬ್ಬರಿಗೂ ಇರಲಿಲ್ಲ, ಅಷ್ಟೇ ವಿಷಯ.

ಎರಡು ವಾರ ಗುರ್ಕಾರರ ಮನೆಯ ಹಾಲ್ ನಮ್ಮ ಗದ್ದೆಯಾಯಿತು. ಬೆಳಿಗ್ಗೆ ನರ್ಸ್ ಬಂದು ಒಂದು ಕಡೆ ಹಿಡಿಯುತ್ತಿದ್ದಳು, ಗುರ್ಕಾರರು ಇನ್ನೊಂದು ಕಡೆ. ಇಬ್ಬರೂ ಒಂದೇ ಬಕೆಟ್ ಎತ್ತಿಕೊಂಡು ಹೊಸ್ತಿಲು ದಾಟುವ ಫೋಟೋ ನನ್ನ ಫೋನಿನಲ್ಲಿದೆ. ಆಗಸ್ಟ್ ಮುಗಿಯುವಾಗ ಒಂದು ಕಾಳನ್ನು ಉಗುರಿನಿಂದ ಒತ್ತಿದೆ. ಬಿಳಿ ಹಾಲು ಚಿಮ್ಮಿ ನನ್ನ ಕನ್ನಡಕಕ್ಕೆ ಬಿತ್ತು. ನಾನು ಅಂಗಳದ ಮಧ್ಯದಲ್ಲಿ ನಿಂತು, ನಲವತ್ತೇಳು ವರ್ಷದವನು, ಹೋ ಎಂದು ಕೂಗಿದೆ.

ಹಬ್ಬದ ಶುಕ್ರವಾರ ಹದಿಮೂರು ಬಕೆಟ್ಟಿನ ತೆನೆಗಳು ಬುಟ್ಟಿಯಲ್ಲಿ ಹೂಗಳ ನಡುವೆ ತಲೆ ತಗ್ಗಿಸಿ ಕೂತಿದ್ದವು. ಕಾಳು ತುಂಬಿದ ತೆನೆ ತಗ್ಗುತ್ತದೆ, ಆ ಭಾರವನ್ನು ನೋಡುವುದೇ ಒಂದು ಸುಖ. ಪಾದ್ರಿಗಳು ಆಶೀರ್ವದಿಸಿದರು. ಹೋಗುವಾಗ ನನ್ನ ಕಿವಿಯ ಹತ್ತಿರ, "ನೆರೆಯವ ಸಿಕ್ಕಿದನಾ?" ಎಂದು ಕೇಳಿದರು. "ಬಾಗಿಲಿಗೆ ಬಾಗಿಲು ತಾಗಿ ಇದ್ದ ಫಾದರ್," ಎಂದೆ. ಇಷ್ಟು ವರ್ಷದಲ್ಲಿ ಅವರಿಗೆ ನಾನು ಕೊಟ್ಟ ಅತಿ ಚಿಕ್ಕ ಉತ್ತರ ಅದು.

ತೆನೆ ಹಂಚುವ ಬುಟ್ಟಿಯನ್ನು ಗುರ್ಕಾರರಿಗೇ ಕೊಟ್ಟೆ. ಸಾಲು ಇರಲಿಲ್ಲ, ಹೆಸರು ಕರೆಯಲಿಲ್ಲ. ಅವರು ತಾವಾಗಿ ಜನರ ನಡುವೆ ನಡೆದು, ಮೊದಲ ತೆನೆಯನ್ನು ನರ್ಸಿನ ಚಿಕ್ಕ ಮಗಳ ಕೈಯಲ್ಲಿಟ್ಟರು. "ನೀನು ಎಂತ ತಪ್ಪು ಮಾಡ್ಲಿಲ್ಲ ಮಗಾ. ತಪ್ಪು ಈ ಅಜ್ಜನದ್ದು," ಎಂದರು. ಅವಳ ತಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನನಗೂ ಸುಮ್ಮನೆ ನಿಲ್ಲಲಾಗದೆ ಬುಟ್ಟಿಯ ಹೂಗಳನ್ನು ಸರಿಪಡಿಸಿದೆ.

ಹಂಚಿ ಮುಗಿದಾಗ ಬುಟ್ಟಿಯಲ್ಲಿ ಎರಡು ಉಳಿದವು. ಒಂದು ಗುರ್ಕಾರರದು. ಇನ್ನೊಂದು ಯಾರದು ಎಂದು ಅವರು ಕೇಳಿದರು. ಮೂರನೆಯ ಮಹಡಿಯವನದು ಎಂದೆ. ಒಂದು ದಿನವೂ ಬಾರದವನು, ಹಬ್ಬಕ್ಕೂ ಬಾರದವನು. ನಾನು ಸಂಜೆ ಕೊಟ್ಟು ಬರುತ್ತೇನೆ ಎಂದೆ.

"ನೀನಲ್ಲ. ನಾನು," ಎಂದರು ಗುರ್ಕಾರರು. "ಅವನಿಗೆ ಕೆಂಪು ಗುರುತು ಹಾಕಿದ ಕೈ ಇದು."

ಮರುದಿನ ಅವರ ವಿಮಾನ. ಮನೆಯಲ್ಲಿ ಕಟ್ಟದ ಪೆಟ್ಟಿಗೆಗಳು, ಬೆಂದು ಆರುತ್ತಿರುವ ಹಬ್ಬದ ಅಡುಗೆ. ಅದೆಲ್ಲ ಬಿಟ್ಟು, ಮಧ್ಯಾಹ್ನದ ಬಿಸಿಲಿನಲ್ಲಿ ನನ್ನ ಕಾರಿನಲ್ಲಿ ಕೂತು ಬಂದರು. ತಮ್ಮ ತೆನೆಯನ್ನು ಅಂಗಿಯ ಜೇಬಿನಲ್ಲಿ ಸಿಕ್ಕಿಸಿಕೊಂಡಿದ್ದರು, ಕಾಳುಗಳು ಹೊರಗೆ ಬಾಗಿದ್ದವು. ಲಿಫ್ಟ್ ಕೆಟ್ಟಿತ್ತು. ಕಂಬಿ ಹಿಡಿದು, ಮಹಡಿಗೊಮ್ಮೆ ನಿಂತು ಉಸಿರು ತೆಗೆದುಕೊಂಡು, ಮೂರು ಮಹಡಿ ಹತ್ತಿದರು. ನಾನು ಎರಡು ಮೆಟ್ಟಿಲು ಹಿಂದೆ ನಿಂತೆ.

ಗುರ್ಕಾರರು ಬಾಗಿಲು ತಟ್ಟಿದರು. ಒಳಗಿನಿಂದ, "ಯಾರು?" ಎಂದು ಕೇಳಿಸಿತು.

"ನಾನು, ಗುರ್ಕಾರ್. ನಿನ್ನ ತೆನೆ ತಂದಿದ್ದೇನೆ," ಎಂದರು. ಒಳಗೆ ಸದ್ದಿಲ್ಲ. ಕಿಂಡಿಯ ಹಿಂದೆ ಒಂದು ನೆರಳು ಮಾತ್ರ ಬಂದು ನಿಂತಿತು. ಬಾಗಿಲು ತೆರೆಯಲಿಲ್ಲ.

ಹಳೆಯ ಗುರ್ಕಾರರಾಗಿದ್ದರೆ ಮತ್ತೆ ಗುದ್ದುತ್ತಿದ್ದರು. ಇವರು ಒಂದು ಹೆಜ್ಜೆ ಹಿಂದೆ ಸರಿದು, ತೆನೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಆ ಬಾಗಿಲಿಗೆ ಹೇಳಿದರು: "ಬೇಕಿದ್ರೆ ತೆಗಿ ಮಾರಾಯ. ನಾನು ಇಲ್ಲೇ ನಿಂತಿರ್ತೇನೆ."

ಚಿಲಕ ಸರಿದ ಸದ್ದು ಕೇಳಿಸಿತು.